ಕುಂಕುಮ ಬಿದ್ದ ಕಂಪ್ಯೂಟರ್

ಆ ಊರಲ್ಲಿ ದಿನಾ ಬೆಳಿಗ್ಗೆ ಕಂಪ್ಯೂಟರ್ರು ಮನೆ ಯಜಮಾನ್ರ ಮುಖ ನೋಡಿ, 'ಬದುಕಿದ್ದಾರೆ' ಅಂತ ಸರ್ಕಾರಕ್ಕೆ ಹೇಳ್ಬೇಕು. ಏಳು ದಿನ ಹೇಳದಿದ್ರೆ ಸತ್ತಂಗೇ ಲೆಕ್ಕ. ಟೈಲರ್ ಚೌಡಪ್ಪನದು ಕೆಟ್ಟು, ಇವತ್ತು ಸಂಜೆ ಐದಕ್ಕೆ ಏಳು ದಿನ ತುಂಬುತ್ತೆ.

ಸರ್ವಿಸ್ ಸೆಂಟರಿನ ಹೆಂಗಸು ಅವನು ಹೊತ್ತು ತಂದ ಕಂಪ್ಯೂಟರ್ರಿನ ಮುಚ್ಚಳ ಬಿಚ್ಚಿದ್ಲು. "ಒಳಗೆಲ್ಲ ಕುಂಕುಮ! ವಾರಂಟಿ ಹೋಯ್ತು, ಯಜಮಾನ್ರೇ."

"ಆಯುಧಪೂಜೆ ಮಾಡ್ದೆ ಬಿಡಕ್ಕಾಗುತ್ತಾ ತಾಯಿ? ಹೊಲಿಗೆ ಮಿಷನ್ನಿಗೂ ಹಚ್ಚಿದ್ದೆ, ಅದೇನು ಕೆಟ್ಟೋಯ್ತಾ?"

"ಮೇಲಿನವರಿಗೆ ಅರ್ಜಿ ಬರ್ಕೊಡಿ. ಹದಿನೈದು ದಿನ ಆಗುತ್ತೆ."

"ಅಷ್ಟರಲ್ಲಿ ನಾನು ಸತ್ತೋಗಿರ್ತೀನಲ್ಲವ್ವಾ!"

ಗೋಡೆ ಗಡಿಯಾರ ಐದು ಹೊಡೀತು. ಅವನು ಬರೀತಿದ್ದ ಅರ್ಜೀನ ಆಕೆ ಎಳ್ಕೊಂಡು, ಅವನ ಹೆಸರಿಗೆ ಮುಂಚೆ 'ದಿವಂಗತ' ಅಂತ ದುಂಡಗೆ ಬರೆದು, "ಮನೆಯವರನ್ನ ಕಳಿಸಿ," ಅಂದ್ಲು.

ಹೊರಗೆ ಹೆಣದ ಗಾಡಿ ಟೈಮಿಗೆ ಸರಿಯಾಗಿ ಬಂದು ನಿಂತಿತ್ತು. ಡ್ರೈವರ್ ಹಿಂದಿನ ಬಾಗಿಲು ತೆಗೆದ.

"ಹತ್ತಿ ಯಜಮಾನ್ರೇ. ತಲೆ ತಗುಲೀತು, ಜೋಪಾನ."