ಕಡಿಯದ ತಪ್ಪು

ಮೊದಲ ಮೊಳೆ ಮರಕ್ಕಿಳಿದ ಸದ್ದಿಗೆ ಜೇನಕ್ಕನ ಕೈಯಲ್ಲಿದ್ದ ಹಗ್ಗ ಜಾರಿತು. ಮಗಳಿಗೆ ಕೊಡಲೆಂದು ಎರಡು ಜೇನುಪೆಟ್ಟಿಗೆಗಳನ್ನು ಆರಿಸಿಟ್ಟಿದ್ದಳು. ಹುಳುಗಳೆಲ್ಲ ಗೂಡು ಸೇರಿದ ಮೇಲೆ ಬಾಗಿಲು ಮುಚ್ಚಿ, ಕಟ್ಟಿ, ಬೆಳಗ್ಗೆ ಹೊಳೆಯಾಚೆ ಸಾಗಿಸಬೇಕೆಂದಿದ್ದಳು. ಮಗಳು ಅಳಿಯನಿಗೆ ಅಲ್ಲಿ ಸರ್ಕಾರದಿಂದ ಸಾಗುವಳಿಗೆಂದು ಹೊಸದಾಗಿ ಭೂಮಿ ಮಂಜೂರಾಗಿತ್ತು, ಕಾಡು ತುಂಬಿದ ಇಳಿಜಾರು. "ಒಂದು ಮರ ಮುಟ್ಟಿದ್ರೂ ನಿನ್ನ ಮನೆ ಮೆಟ್ಟಿಲು ಹತ್ತಲ್ಲ ನೋಡು. ನಿನಗೆ ಜೇನು ಸಾಕೋದು ಕಲಿಸ್ತೀನಿ, ನನ್ನ ಹಾಗೆ ಬದುಕು" ಎಂದು ಮಗಳನ್ನು ಹೆದರಿಸಿ ಬಂದವಳು ಅವಳೇ. ಈಗ ತನ್ನದೇ ಮರಕ್ಕೆ ಯಾರೋ ಮೊಳೆ ಹೊಡೆಯುತ್ತಿದ್ದಾರೆ! ಹೊಗೆ ಹಾಕುವ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದಳು.

ಇದ್ದುದರಲ್ಲೇ ಹಳೆಯ ಮರಕ್ಕೆ ಹಸಿರು ಬೋರ್ಡೊಂದನ್ನು ಒತ್ತಿ ಹಿಡಿದು ನಿಂತಿದ್ದವನು ಅವಳ ಒಡಹುಟ್ಟಿದ ತಮ್ಮ. ಸುತ್ತಿಗೆಯೂ ಅವನ ಕೈಯಲ್ಲೇ. ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬ ಪಕ್ಕದಲ್ಲಿ ನಿಂತು "ಎಡಗಡೆ ಸ್ವಲ್ಪ ಮೇಲೆ" ಎಂದು ಹೇಳಿಕೊಡುತ್ತಿದ್ದ. 'ಸಂರಕ್ಷಿತ ಪ್ರದೇಶ. ಅತಿಕ್ರಮ ಪ್ರವೇಶ ಶಿಕ್ಷಾರ್ಹ ಅಪರಾಧ' ಎಂದು ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು.

"ಏನೋ ಇದು?"

ತಮ್ಮ ತಿರುಗಿ ನೋಡಲಿಲ್ಲ. "ಸಾಹೇಬ್ರು ಹೇಳ್ತಾರೆ ಕೇಳಕ್ಕ."

"ನಿಮ್ಮ ತಂದೆಗೆ ಈ ಗುಡ್ಡ ಮಂಜೂರು ಮಾಡಿದ್ದೇ ಕಾಡು ಕಡಿದು ಸಾಗುವಳಿ ಮಾಡ್ಲಿ ಅಂತ," ಎಂದ ಅಧಿಕಾರಿ. "ಅವರು ಹೋದ ಮೇಲೆ ಅರ್ಧ ನಿಮಗೆ ಬಂತು, ಅರ್ಧ ನಿಮ್ಮ ತಮ್ಮನಿಗೆ. ಇವರು ಷರತ್ತಿನ ಪ್ರಕಾರ ಕಡಿದ್ರು, ಭೂಮಿ ಸ್ವಂತದ್ದಾಯ್ತು. ನೀವು ಕಡೀಲಿಲ್ಲ. ನಿಮ್ಮ ಪಾಲಿನ ಮಂಜೂರಾತಿ ರದ್ದಾಗಿದೆ."

"ಕಡೀದೇ ಇದ್ದಿದ್ದಕ್ಕೆ ರದ್ದು. ಮತ್ತೆ ಈ ಬೋರ್ಡ್ ಯಾಕೆ?"

"ಇನ್ಮೇಲೆ ಯಾರೂ ಕಡೀಬಾರ್ದು ಅಂತ. ಸುತ್ತಮುತ್ತ ಮರ ಅಂತ ಉಳಿದಿರೋದು ಇಲ್ಲಿ ಮಾತ್ರ ಅಲ್ವಾ ಅಮ್ಮಾ?"

ಜೇನಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. "ಕಡೀಲಿಲ್ಲ ಅಂತ ಕಿತ್ಕೊಂಡ್ರಿ, ಕಡೀಬಾರ್ದು ಅಂತ ಬೋರ್ಡ್ ಹೊಡೀತಿದೀರಿ. ನಿಮ್ಮ ತಲೆ ನೆಟ್ಟಗಿದೆಯಾ?"

"ಅದು ಕಂದಾಯದವರದ್ದು, ಇದು ನಮ್ಮದು. ಇಲಾಖೆ ಬೇರೆ ಬೇರೆ ಅಮ್ಮಾ," ಎಂದ ಅಧಿಕಾರಿ, ಅದೇ ದೊಡ್ಡ ಸಮಾಧಾನವೆಂಬಂತೆ. "ಮಳೆಗಾಲಕ್ಕೆ ಮುಂಚೆ ನಿಮ್ಮ ಪೆಟ್ಟಿಗೆ, ಮನೆ ಎಲ್ಲ ಖಾಲಿ ಮಾಡಿ."

ಬೇಲಿಯಾಚೆ ತಮ್ಮನ ಪಾಲು ಕಣ್ಣು ಹಾಯಿಸಿದಷ್ಟೂ ಬೋಳಾಗಿ ಬಿದ್ದಿತ್ತು. ಕಡಿದ ದಿಮ್ಮಿಗಳನ್ನು ಮಾರಿಯೇ ಅವನು ಮಹಡಿ ಮನೆ ಕಟ್ಟಿದ್ದು. ಜನ ಅವನನ್ನು ಜಾಣ ಅಂದರು, ಇವಳನ್ನು ಪೆದ್ದಿ ಅಂದರು. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಆ ಜಾಣನೇ ಕೊಡ ಹಿಡಿದು ಇವಳ ಮರಗಳ ಬುಡದ ಒರತೆಗೆ ಬರುತ್ತಿದ್ದ. ಒಂದು ದಿನವೂ ಅವಳು ಮುಖ ಸಿಂಡರಿಸಿದವಳಲ್ಲ. ಆಗ ಅವಳ ಕಣ್ಣು ತಮ್ಮನ ಮೈಮೇಲಿನ ಖಾಕಿ ಅಂಗಿಯ ಮೇಲೆ ಬಿತ್ತು. ಪ್ಯಾಕೆಟ್ಟಿನ ಮಡಿಕೆಗಳು ಇನ್ನೂ ಮಾಸಿರಲಿಲ್ಲ.

"ಇದೆಲ್ಲಿಂದ ಬಂತೋ?"

ತಮ್ಮ ಕಾಲರ್ ಮುಟ್ಟಿಕೊಂಡ. "ಕಾವಲುಗಾರನ ಕೆಲಸ ಅಕ್ಕ. ಪಕ್ಕದಲ್ಲೇ ಸ್ವಂತ ಜಮೀನಿರೋರು ಬೇಕು ಅಂದ್ರು. ನಾನಲ್ದಿದ್ರೆ ಇನ್ಯಾರೋ ಬರ್ತಿದ್ದ. ನಾನಾದ್ರೆ ನೀನು ನಾಲ್ಕು ಒಣಕಡ್ಡಿ ಆರಿಸ್ಕೊಂಡ್ರೂ ಕಂಡೂ ಕಾಣದ ಹಾಗೆ ಇರ್ಬಹುದು."

"ನಿನ್ನ ಪಾಲಲ್ಲಿ ಕಾಗೆ ಕೂರೋಕೆ ಒಂದು ಕೊಂಬೆ ಬಿಡದವನು, ನನ್ನ ಮರಕ್ಕೆ ಕಾವಲಾ? ನನ್ನ ಒಣಕಡ್ಡೀನ ನನಗೇ ದಾನ ಕೊಡ್ತೀಯಾ? ನಾಚಿಕೆ ಆಗಲ್ವಾ ನಿನಗೆ?"

ಅವನು ಕೊನೆಯ ಮೊಳೆಯನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೊಡೆದ. ಮರ ಅದುರಿತು. ಬುಡದ ಪೆಟ್ಟಿಗೆಗಳಲ್ಲಿದ್ದ ಹುಳುಗಳು ಕೆರಳಿ ಹೊರಬಿದ್ದವು. ಅಧಿಕಾರಿ ಫೈಲನ್ನು ತಲೆಯ ಮೇಲೆ ಹೊದ್ದುಕೊಂಡು ಜೀಪಿನತ್ತ ಓಟ ಕಿತ್ತ. ತಮ್ಮ ಹುಳು ಕುಟುಕಿದ ಕಿವಿಯನ್ನು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ.

ಜೇನಕ್ಕ ಹೊಗೆಯಾಡಿಸಿ ಹುಳುಗಳನ್ನು ಚದುರಿಸಿದಳು. ಸಿಟ್ಟು ಕುದಿಯುತ್ತಿದ್ದರೂ ಕೈ ತನ್ನ ಅಭ್ಯಾಸದಂತೆ ತಮ್ಮನ ತಲೆಯನ್ನು ವಾಲಿಸಿ ಹಿಡಿಯಿತು. "ಅಲ್ಲಾಡಬೇಡ. ಹಿಂಡಿದ್ರೆ ವಿಷ ಒಳಗಿಳಿಯುತ್ತೆ," ಎಂದು ಹೆಬ್ಬೆರಳಿನ ಉಗುರಿನಿಂದ ಮುಳ್ಳನ್ನು ಕೆರೆದು ತೆಗೆದಳು. ಚಿಕ್ಕಂದಿನಲ್ಲಿ ಎಷ್ಟು ಸಲ ಹೀಗೆ ತೆಗೆದಿದ್ದಳೋ.

"ನನ್ನ ಮೇಲೆ ಸಿಟ್ಟಾ ಅಕ್ಕ?"

"ಅಪ್ಪನ ಕೊಡಲಿ ಇನ್ನೂ ನಿನ್ನ ಹತ್ರ ಇದೆಯಾ?"

ತಮ್ಮ ಬೆಚ್ಚಿದ. "ಇದೆ. ಅಕ್ಕ, ಇಲ್ಲಿ ಮರ ಮುಟ್ಟಿದ್ರೆ ನಾನೇ ನಿನ್ನ ಹಿಡಿದುಕೊಡ್ಬೇಕಾಗುತ್ತೆ."

"ನಾನು ಇಲ್ಲಿ ಯಾವತ್ತು ಮುಟ್ಟಿದೀನೋ? ಮಸೆದು ತಂದುಕೊಡು."

ಅಷ್ಟರಲ್ಲಿ ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು. ಮಗಳ ದನಿಯಲ್ಲಿ ಖುಷಿ ತುಂಬಿತ್ತು. "ಅಮ್ಮಾ, ನೀನು ಹೇಳಿದ ಹಾಗೇ ಒಂದು ಮರಾನೂ ಮುಟ್ಟಿಲ್ಲ. ದೊಡ್ಡ ಮರದಡಿ ಪೆಟ್ಟಿಗೆ ಇಡೋಕೆ ಕಲ್ಲು ಜೋಡಿಸಿಟ್ಟಿದೀನಿ. ನಾಳೆ ಬರ್ತೀಯಲ್ಲ?"

ಜೇನಕ್ಕ ಬೋರ್ಡನ್ನೇ ನೋಡುತ್ತಿದ್ದಳು. ಮೊಳೆಯ ಸುತ್ತ ಮರದ ಹಾಲು ಒಸರುತ್ತಿತ್ತು.

"ಬರ್ತೀನಿ ಮಗಳೇ. ಪೆಟ್ಟಿಗೆ ತರಲ್ಲ, ಕೊಡಲಿ ತರ್ತೀನಿ."