ಎದುರಿನ ಖಾನಾವಳಿ

"ಇವತ್ತ ಬ್ಯಾಳಿ ಹಳಸೈತ್ರಿ ಅಣ್ಣಾ, ನಮ್ಮಲ್ಲಿ ಊಟ ಇಲ್ಲ. ಗುಂಡವ್ವಕ್ಕನ ಖಾನಾವಳಿಗೆ ಹೋಗ್ರಿ," ಎಂದು ಸುಮಂಗಲಾ ತನ್ನ ಖಾನಾವಳಿಯ ಮುಂದೆ ಎಲ್ಲರೆದುರೇ ಸಾರಿನ ಪಾತ್ರೆ ಬಗ್ಗಿಸಿ ಚರಂಡಿಗೆ ಸುರಿದಳು.

ಕಾರ್ಖಾನೆಗಳ ಊರಾದ ವಾಳೂಜಿನ ಆ ರಸ್ತೆಯ ಈಚೆ ಬದಿಯಲ್ಲಿ, ತನ್ನ ದೊಡ್ಡ ಬ್ಯಾನರಿನಡಿ ನಿಂತಿದ್ದ ಗುಂಡವ್ವ ಸಿದ್ಧೇಶ್ವರನಿಗೆ ಮನಸ್ಸಿನಲ್ಲೇ ಕೈಮುಗಿದಳು. ಬ್ಯಾನರು ಕಟ್ಟಿಸಿದರೂ, ಹಪ್ಪಳ ಪುಕ್ಕಟೆ ಕೊಟ್ಟರೂ ಸುಮಂಗಲಾಳನ್ನು ಬಿಟ್ಟು ಬಾರದ ಗಿರಾಕಿಗಳು ಇಂದು ತಾವಾಗಿ ಬಂದು ಸಾಲಾಗಿ ಕುಳಿತರು.

ಆಕೆ ಸಾರು ಬಡಿಸುತ್ತಿದ್ದಂತೆ ಗಾರೆ ಕೆಲಸದ ಮಹಿಬೂಬ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದ. "ಅಕ್ಕಾರ, ನಿಮ್ಮ ಬ್ಯಾಳಿ ಎಂದೂ ಹಳಸೂದಿಲ್ಲೇನ್ರಿ? ಒಮ್ಮೆನೂ ಹೇಳಿಲ್ಲಲ್ಲ!"

ಸಾಲೆಲ್ಲ ನಕ್ಕಿತು. ನಗುತ್ತಲೇ ಒಬ್ಬೊಬ್ಬರಾಗಿ ತಟ್ಟೆ ಮೂಸಿ ನೋಡಿದರು. ತುಂಬಿದ ಪಂಕ್ತಿಯ ನಡುವೆ ಸೌಟು ಹಿಡಿದು ನಿಂತ ಗುಂಡವ್ವನಿಗೆ ಎದುರಿನ ಖಾಲಿ ಖಾನಾವಳಿಯನ್ನು ನೋಡಿ ಎಂದಿಗಿಂತ ಹೆಚ್ಚು ಹೊಟ್ಟೆ ಉರಿಯಿತು.