ಆಣೆ ಇಡದವಳು

"ಆಣೆ ಇಡೋದಿಲ್ಲ ಸರ್," ಎಂದಳು ಟೈಲರಮ್ಮ. ಮುಂದೆ ಚಾಚಿದ ಬೈಬಲನ್ನು ಮುಟ್ಟಲೂ ಇಲ್ಲ. "ನಮ್ಮ ಸಭೆಯಲ್ಲಿ ಯಾರೂ ಇಡಲ್ಲ. ನಾವು ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಅಷ್ಟೇ."

ಮೇಜಿನಾಚೆ ಕೂತಿದ್ದ ಮೇಜರ್, ಪಕ್ಕದಲ್ಲಿದ್ದ ಸೇನೆಯ ಪಾದ್ರಿಯ ಮುಖ ನೋಡಿದರು. ಹೋಗಲಿ ಬಿಡಿ ಎಂಬಂತೆ ಪಾದ್ರಿ ತಲೆಯಾಡಿಸಿದರು. ಕರೆ ಬಂದ ಹುಡುಗರೆಲ್ಲ ಯುದ್ಧಕ್ಕೆ ಹೋಗಲೇಬೇಕು. ಕೊಲ್ಲುವುದು ತನ್ನ ನಂಬಿಕೆಗೆ ವಿರುದ್ಧವೆಂದು ಈ ಕೋಣೆಯಲ್ಲಿ ಮನವರಿಕೆ ಮಾಡಿಕೊಟ್ಟವನಿಗೆ ಮಾತ್ರ ಬಂದೂಕಿನ ಬದಲು ಆಸ್ಪತ್ರೆಯ ಕೆಲಸ; ಆಗದವನು ನಾಳೆ ಬೆಳಗ್ಗೆ ಲಾರಿ ಹತ್ತಬೇಕು. ಇದ್ದೊಬ್ಬ ಮಗ ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

ಹುಡುಗನೇನೋ ಆಗಲೇ ಚೆನ್ನಾಗಿ ಉತ್ತರಿಸಿದ್ದ. "ಬೈಬಲಲ್ಲಿ ಆ ಸೇನಾಧಿಕಾರಿ ಶತಾಧಿಪತಿಯ ನಂಬಿಕೆಯನ್ನ ಪ್ರಭು ಮೆಚ್ಚಿಕೊಂಡರು. ಸೈನ್ಯ ಬಿಟ್ಟು ಬಾ ಅನ್ನಲಿಲ್ಲ ಅಲ್ಲವೇನಪ್ಪ?" ಎಂದು ಪಾದ್ರಿ ಕೆಣಕಿದಾಗ, "ಶಿಷ್ಯ ಕತ್ತಿ ಬೀಸಿದಾಗ ಒಳಗಿಡು ಅಂದವರೂ ಅವರೇ ಫಾದರ್," ಎಂದಿದ್ದ. ಪಾದ್ರಿಗೆ ನಗು ಬಂದಿತ್ತು. ಮೇಜರ್‌ಗೆ ಬಂದಿರಲಿಲ್ಲ.

"ಬಾಯಿಪಾಠ ಯಾರು ಬೇಕಾದ್ರೂ ಮಾಡ್ತಾರೆ. ಮನೆ ಹೇಗಿದೆ ನೋಡೋಣ," ಎಂದು ಅವರು ಟೈಲರಮ್ಮನ ಕಡೆ ತಿರುಗಿದರು. "ಕೊಲ್ಲೋದು ಪಾಪ ಅಂತ ಇವನಿಗೆ ಕಲಿಸಿದವರು ನೀವೇನಾ?"

"ಹೌದು."

"ಬ್ಯಾರಕ್ ಗೇಟಿನ ಎದುರು ಹೊಲಿಗೆ ಅಂಗಡಿ ಇಟ್ಟಿರೋರೂ ನೀವೇ?"

"ಹೌದು."

ಸೇನೆಯ ಉಗ್ರಾಣದವರ ಕಣ್ಣಿಗೆ ಹುಡುಗರೆಲ್ಲ ಒಂದೇ ಅಳತೆ. ಕೊಟ್ಟ ದೊಗಳೆ ಪ್ಯಾಂಟು ಜಾರದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು ಹುಡುಗರು ನೇರ ಟೈಲರಮ್ಮನ ಅಂಗಡಿಗೆ ಓಡಿ ಬರುತ್ತಿದ್ದರು. "ಏನ್ರೋ, ನಿಮ್ಮನೇಲಿ ಬರೀ ಗಾಳಿ ಬಡಿಸ್ತಾರಾ?" ಎಂದು ಗದರಿ, ನಗಿಸಿ, ಸೊಂಟ ಟೈಟ್ ಮಾಡಿ ಕಳಿಸುತ್ತಿದ್ದಳು. ಗಂಡ ಹೋದಮೇಲೆ ಮನೆಯ ಒಲೆ ಉರಿದದ್ದೇ ಆ ಸೊಂಟಗಳಿಂದ.

"ಹಾಗಾದ್ರೆ ಕೊಲ್ಲೋಕೆ ಹೊರಟವರಿಗೆ ಹೊಲಿದುಕೊಡೋದು ಪಾಪ ಅಲ್ವಾ ಅಮ್ಮ?"

ಅಲ್ಲ ಎಂದರೆ ಮಗನ ನಂಬಿಕೆ ನಾಟಕವಾಗುತ್ತದೆ. ಹೌದು ಎಂದರೆ ಇಷ್ಟು ವರ್ಷ ಅವನ ಬಾಯಿಗಿಟ್ಟ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸುಳ್ಳು ಹೇಳಿ ಪಾರಾಗೋಣವೆಂದರೆ, ಆಣೆ ಇಡದವರಿಗೆ ಆಡಿದ ಮಾತೆಲ್ಲ ಆಣೆಯೇ. ಮಗನ ಮುಖ ನೋಡಿದರೆ ಧೈರ್ಯ ಉಡುಗೀತೆಂದು ಅವಳು ನೆಲ ನೋಡಿದಳು.

"ಅವರಿಗೆ ಹೊಲಿಯೋಕೆ ಶುರು ಮಾಡಿದಾಗ ನನ್ನ ಮಗ ಇನ್ನೂ ಚಿಕ್ಕವನಿದ್ದ ಸರ್," ಎಂದಳು. "ಅವರೂ ಯಾರೋ ಹೆತ್ತ ಮಕ್ಕಳೇ ಅಂತ ಗೊತ್ತಿತ್ತು. ಗೊತ್ತಿದ್ದೂ ಹೊಲಿದೆ. ಪಾಪವೇ."

ಮೇಜರ್ ಮುದ್ರೆಯನ್ನು ಕೈಗೆತ್ತಿಕೊಂಡರು.

"ಇನ್ನು ಮುಂದೆ ಹೊಲೀತೀರಾ?"

"ಇಲ್ಲ."

ಪಾದ್ರಿ ಬಾಗಿ ಮೇಜರ್ ಕಿವಿಯಲ್ಲಿ ಏನೋ ಹೇಳಿದರು. ಮೇಜರ್ ಒಮ್ಮೆ ಮೂಗು ಉಜ್ಜಿಕೊಂಡರು, ಕಾಗದಕ್ಕೆ ಮುದ್ರೆ ಒತ್ತಿದರು. "ಆಸ್ಪತ್ರೆ," ಎಂದರು.

ಹೊರಗಿನ ಹಜಾರಕ್ಕೆ ಬಂದಾಗ ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು.

"ಅಂಗಡಿಗೆ ಬೀಗನಾ ಅಮ್ಮ?" ಎಂದ ಮಗ, ಮೆಲ್ಲಗೆ.

"ಬೀಗ ಯಾಕೋ? ಊರಲ್ಲಿ ಮಿಕ್ಕವರು ಬಟ್ಟೆ ಹಾಕ್ಕೊಳಲ್ವಾ?" ಎಂದು ನಕ್ಕಳು. ನಕ್ಕಿದ್ದೇ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ "ಆಂಟೀ!" ಎಂಬ ಕೂಗು ಕೇಳಿಸಿತು. ಬೇಕರಿಯವನ ಮಗ, ಅವಳ ಮಗನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮೈಮೇಲೆ ಹೊಸ ಯೂನಿಫಾರ್ಮ್, ಒಂದು ಮುಷ್ಟಿ ಸೊಂಟದ ಮೇಲೆ. "ಅಂಗಡಿ ಹತ್ರ ಹೋಗಿ ಬಂದೆ, ಮುಚ್ಚಿತ್ತು. ಬೆಳಗ್ಗೆ ಲಾರಿ. ಇದನ್ನ ನೋಡಿ, ಕೈ ಬಿಟ್ರೆ ನನ್ನ ಮಾನ ಹೋಗುತ್ತೆ!"

ಟೈಲರಮ್ಮನ ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಂಡಳು. "ಇನ್ನು ಇದನ್ನೆಲ್ಲ ಹೊಲಿಯಲ್ಲ ಕಣಪ್ಪ. ಈಗ ತಾನೇ ಒಳಗೆ ಹೇಳಿ ಬಂದೆ."

ಹುಡುಗ ಗೆಳೆಯನ ಕಡೆ ನೋಡಿದ. ಅವನಿಗೆ ಅರ್ಥವಾಯಿತು. "ಬಿಟ್ರಾ ನಿನ್ನ? ಒಳ್ಳೇದಾಯ್ತು ಬಿಡೋ," ಎಂದ. ಹೊಟ್ಟೆಕಿಚ್ಚಿನಿಂದ ಹೇಳಿದ್ದಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ನೀನೂ ಒಳಗೆ ಹೋಗಿ ಹೇಳು ಮಗಾ. ನಿಮ್ಮಮ್ಮನ್ನ ಕರ್ಕೊಂಡು ಬಾ."

"ನಿನ್ನೆ ಬಂದಿದ್ದಳು ಆಂಟಿ. ಅವಳಿಗೆ ನಿಮ್ಮ ಹಾಗೆ ಹೇಳೋಕೆ ಬರಲ್ಲ, ಬರೀ ಅತ್ತಳು. ಅಳೋದಕ್ಕೆ ವಿನಾಯಿತಿ ಇಲ್ವಂತೆ."

ಅವನು ಗೆಳೆಯನ ಬೆನ್ನು ತಟ್ಟಿ ಹೊರಟ. ಹಜಾರದ ತುದಿಯಿಂದ ಯಾರೋ ಗದರಿ ಕರೆದಾಗ ಬೇಗ ಹೋಗಲು ನೋಡಿದ. ಪ್ಯಾಂಟು ಮೊಣಕಾಲಿಗೆ ಸುತ್ತಿಕೊಂಡು ಎಡವಿದ, ಎರಡೂ ಕೈಯಲ್ಲಿ ಎತ್ತಿ ಹಿಡಿದು ಮತ್ತೆ ನಡೆದ.

ಟೈಲರಮ್ಮ ಮಗನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಓಡ್ಬೇಕಾದ ಹೊತ್ತು ಬಂದ್ರೆ," ಎಂದಳು, "ಇವನು ಹೇಗೆ ಓಡ್ತಾನಪ್ಪ?"